ಕಾಫಿ ಶೆಡ್ಡಿನಲ್ಲಿ ಬಿಸಿಲಿನ ಕಾರ್ಖಾನೆ

ನಮ್ಮ ಚಿಕ್ಕಪ್ಪನಿಗೆ ಬಿಸಿಲಿನ ಹುಚ್ಚು ಹಿಡಿದದ್ದು ಮೂಡಿಗೆರೆಯಲ್ಲಿ ಆರಿದ್ರಾ ಮಳೆ ಹೊಡೆಯುತ್ತಿದ್ದಾಗ. ಒಂಬತ್ತು ದಿನದಿಂದ ಊರಿನವರು ಯಾರೂ ಸೂರ್ಯನ ಮುಖ ನೋಡಿರಲಿಲ್ಲ. ಅವರದು ಬಸ್ ಸ್ಟ್ಯಾಂಡಿನ ಹತ್ತಿರ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವ ಸಣ್ಣ ಅಂಗಡಿ. ತಾಮ್ರದ ತಂತಿ ತರಲೆಂದು ಬೆಂಗಳೂರಿಗೆ ಹೋದವರು ಅಲ್ಲಿ ಯಾವುದೋ ಕಾರ್ಖಾನೆಯಲ್ಲಿ ಸೋಲಾರ್ ಪ್ಯಾನೆಲ್ ತಯಾರಾಗುವುದನ್ನು ನೋಡಿ, ತಂತಿಯನ್ನೇ ಮರೆತು ಬಂದಿದ್ದರು. ತೊಟ್ಟಿಕ್ಕುವ ಕೊಡೆಯನ್ನು ಗೋಡೆಗೆ ಒರಗಿಸಿ, “ಅಣ್ಣಾ, ನಾವೂ ಬಿಸಿಲಿಂದ ಕರೆಂಟು ಮಾಡೋದನ್ನ ಶುರು ಮಾಡಾಣ” ಅಂದರು.

ನಮ್ಮಪ್ಪ ಕಿಟಕಿಯಾಚೆ ಒಮ್ಮೆ ನೋಡಿದರು. “ಮೊದ್ಲು ಎಲ್ಲಾದ್ರೂ ಸ್ವಲ್ಪ ಬಿಸಿಲು ಸಿಕ್ರೆ ತಗಂಬಾ ಮಾರಾಯ. ಆಮೇಲೆ ನೋಡಣ.”

ಅದು ತೊಂಬತ್ತರ ದಶಕದ ಕೊನೆ. ಅಪ್ಪನದು ಕಾಫಿ ವ್ಯಾಪಾರ. ಸುತ್ತಲಿನ ಸಣ್ಣ ಬೆಳೆಗಾರರ ಕಾಫಿ ಕೊಂಡು, ಊರಾಚೆಯ ನಮ್ಮ ಶೆಡ್ಡಿನಲ್ಲಿ ಹೆಂಗಸರಿಂದ ಆರಿಸಿ, ಮೂಟೆ ಹೊಲಿಸಿ ಕಳಿಸುತ್ತಿದ್ದರು. ಒಂದು ಕಾಲಕ್ಕೆ ಆ ಶೆಡ್ಡಿನಲ್ಲಿ ನಲವತ್ತು ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದ ಬೀಜ ಅಂತ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ಆಮೇಲೆ ಕಾಫಿ ಹದಮಾಡುವ ದೊಡ್ಡ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಬಣ್ಣ ನೋಡಿ ಬೀಜ ಆರಿಸುವ ಯಂತ್ರಗಳು ಬಂದವು. ಬೆಳೆಗಾರರು ತಮ್ಮ ಕಾಫಿಯನ್ನು ನೇರವಾಗಿ ಅಲ್ಲಿಗೇ ಒಯ್ಯತೊಡಗಿದರು. ನಲವತ್ತು ಜನ ಹದಿನೈದಾದರು, ಹದಿನೈದು ಆರಾಯಿತು. ಉದ್ದನೆಯ ಆ ಶೆಡ್ಡಿನಲ್ಲಿ ಆರು ಜನ ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತಿತ್ತು.

ಆ ಆರು ಜನರಲ್ಲಿ ಒಬ್ಬಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನಾನೂ ಅಷ್ಟೆ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಮೂಟೆ ಹೊಲಿಯುವ ಮೊದಲು ಅಪ್ಪ ಒಂದು ಹಿಡಿ ಕಾಫಿಯನ್ನು ಅವಳ ಮೊರಕ್ಕೆ ಸುರಿಯುತ್ತಿದ್ದರು. ಅವಳು ಒಮ್ಮೆ ಬೆರಳಾಡಿಸಿ ಒಂದೂ ಬೀಜ ಎತ್ತದಿದ್ದರೆ ಮಾತ್ರ ಸೂಜಿ ದಾರ ಹೊರಗೆ ಬರುತ್ತಿತ್ತು. ಅವಳ ಕಣ್ಣಿನ ಮೇಲೆ ಅಪ್ಪನಿಗಿದ್ದ ನಂಬಿಕೆ ಮನೆದೇವರ ಮೇಲೂ ಇರಲಿಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ನನಗೆ ಗಂಡು ನೋಡುತ್ತಿದ್ದರು. ನೋಡುತ್ತಿದ್ದರು ಎಂದರೆ, ತಿಂಗಳಿಗೊಮ್ಮೆ ಯಾರಾದರೂ ಬಂದು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಹಾಕುತ್ತೇವೆ ಅಂದು ಹೋಗುತ್ತಿದ್ದರು. ನನ್ನ ನಾಲಿಗೆ ಸ್ವಲ್ಪ ಉದ್ದ, ನನ್ನ ಬುದ್ಧಿಯ ಮೇಲೆ ನನಗಿದ್ದ ಅಭಿಮಾನ ಅದಕ್ಕಿಂತ ಉದ್ದ. ಫಿಸಿಕ್ಸ್ ಓದಿದವಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ. ಹಾಗಾಗಿ ಚಿಕ್ಕಪ್ಪ ಖಾಲಿ ಬಿದ್ದ ಶೆಡ್ಡಿನ ಅರ್ಧ ಭಾಗ ಕೇಳಿ ಪಡೆದಾಗ, ಕೇಳದೆಯೇ ನಾನು ಅದರ ಅರ್ಧ ಯಜಮಾನಿಯಾದೆ.

ಚಿಕ್ಕಪ್ಪನ ಆಸೆ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಕಳಸದಾಚೆ ಸಂಸೆಯಿಂದ ಜೀಪು ಹತ್ತುವಷ್ಟು ಹತ್ತಿ, ಮೇಲೆ ಒಂದು ಗಂಟೆ ನಡೆದರೆ ಹನ್ನೆರಡು ಮನೆಗಳ ಒಂದು ಊರಿತ್ತು. ಕರೆಂಟಿನ ಕಂಬ ಅಲ್ಲಿಗೆ ಬರುವ ಲಕ್ಷಣವೇ ಇರಲಿಲ್ಲ. ಹಳ್ಳಿಗಳಿಗೆ ಸೋಲಾರ್ ದೀಪ ಹಾಕಿಸುವ ಒಂದು ಸಂಸ್ಥೆಯವರು ಚಿಕ್ಕಪ್ಪನಿಗೆ ಒಂದು ಮಾತು ಕೊಟ್ಟಿದ್ದರು. ಮಳೆಗಾಲಕ್ಕೆ ಮೊದಲು ಹನ್ನೆರಡು ಮನೆಗೆ ಹನ್ನೆರಡು ಪ್ಯಾನೆಲ್ ನಿಮ್ಮ ಶೆಡ್ಡಿನಲ್ಲೇ ಮಾಡಿ ಹಾಕಿ, ನಮ್ಮ ಎಂಜಿನಿಯರು ಬಂದು ಅಳೆಯುತ್ತಾರೆ. ಪಾಸಾದರೆ ಕಳಸದ ಸುತ್ತಿನ ಅಂಥ ಎಲ್ಲ ಊರುಗಳ ಕೆಲಸವೂ ನಿಮಗೇ. ಇಲ್ಲವಾದರೆ ಹೊರಗಿನ ಸಿದ್ಧ ಪ್ಯಾನೆಲ್ ತರಿಸುತ್ತೇವೆ. ಅಂದರೆ, ಪಾಸಾದರೆ ಶೆಡ್ಡಿಗೆ ಜೀವ ಬರುತ್ತದೆ, ಅಕ್ಕ ಮತ್ತು ಉಳಿದ ಐವರಿಗೆ ವರ್ಷವಿಡೀ ಕೆಲಸ. ಫೇಲಾದರೆ ಬಾಗಿಲು ಹಾಕುವುದೇ.

ಆ ಚಳಿಗಾಲದಿಂದ ಬೇಸಿಗೆಯವರೆಗಿನ ತಿಂಗಳುಗಳು ಈಗಲೂ ನನ್ನ ನೆನಪಿನಲ್ಲಿ ಅರೆ ಎಚ್ಚರದಲ್ಲಿ ಕಂಡ ಹಾಗಿವೆ. ಬೆಳಿಗ್ಗೆ ಒಂಬತ್ತರವರೆಗೆ ಮಂಜು ಶೆಡ್ಡಿನ ಒಳಗೇ ಬಂದು ಕೂತಿರುತ್ತಿತ್ತು. ಎದುರಿಗಿರುವವರ ಮುಖಕ್ಕಿಂತ ಮೊದಲು ಧ್ವನಿ ಕಾಣುತ್ತಿತ್ತು ಎಂದರೆ ತಪ್ಪಾಗಬಹುದು, ಆದರೆ ನನಗೆ ಹಾಗೇ ನೆನಪಿದೆ. ಆ ಮಂಜಿನಲ್ಲಿ ಚಿಕ್ಕಪ್ಪ ಥರ್ಮೋಕೋಲ್ ಡಬ್ಬ ಬಿಚ್ಚಿ ಬಿಸಿಲನ್ನು ಕರೆಂಟು ಮಾಡುವ ಮೊದಲ ಸೆಲ್ ಕೈಗೆ ಕೊಟ್ಟರು. ಅಂಗೈಯಗಲದ ನೀಲಿ ಬಿಲ್ಲೆ, ಹಪ್ಪಳಕ್ಕಿಂತ ತೆಳುವು. ಒಳಗೆಲ್ಲ ಹರಳು ಹರಳು. ಅಲುಗಿಸಿದರೆ ಒಂದೊಂದು ಹರಳೂ ಒಂದೊಂದು ನೀಲಿ. ಹೆಂಗಸರು ಸೀರೆ ಸೆರಗಿನಲ್ಲಿ ಕೈ ಒರೆಸಿಕೊಂಡು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಯಾರೂ ಜೋರಾಗಿ ಉಸಿರಾಡಲಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಮೂವತ್ತಾರು ಸೆಲ್‌ಗಳನ್ನು ತೆಳ್ಳಗಿನ ಪಟ್ಟಿಯಿಂದ ಒಂದಕ್ಕೊಂದು ಬೆಸೆದು, ಗಾಜಿನ ಮೇಲೆ ಮಲಗಿಸಿ, ಕೆನೆಯಂಥ ಒಂದು ಹಾಳೆ ಹೊದಿಸಿ, ಗಾಳಿ ಎಳೆದು, ಬಿಸಿಯಲ್ಲಿ ಒತ್ತಬೇಕು. ಹಾಳೆ ಕರಗಿ ತಿಳಿಯಾಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಒಮ್ಮೆ ಹಿಡಿದುಕೊಂಡರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾಗದು. ಚಿಕ್ಕಪ್ಪ ಆ ಒತ್ತುವ ಯಂತ್ರವನ್ನು ತಾವೇ ಮಾಡಿದರು. ಫ್ರಿಜ್ಜು ರಿಪೇರಿಯವರಿಂದ ಹಳೆಯ ಪಂಪು, ಬೇಕರಿಯವರಿಂದ ಹಳೆಯ ಒಲೆ. ತೊಂದರೆ ಇದ್ದದ್ದು ಬೇರೆ ಕಡೆ. ಒತ್ತುವಾಗ ಅರ್ಧಕ್ಕೆ ಕರೆಂಟು ಹೋದರೆ ಒಳಗೆ ಗುಳ್ಳೆ ಎದ್ದು ಪ್ಯಾನೆಲ್ ಹಾಳು. ಮೂಡಿಗೆರೆಯ ಕರೆಂಟಿಗೆ ಅರ್ಧಕ್ಕೆ ಹೋಗುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಕೊನೆಗೆ ಒಂದು ಡೀಸೆಲ್ ಜನರೇಟರ್ ತಂದು ನಿಲ್ಲಿಸಿದರು. ಅದು ಹೊಗೆ ಬಿಟ್ಟು ಗುಡುಗುಡು ಅಂದಾಗಲೆಲ್ಲ ಅಪ್ಪ ಬಂದು ಬಾಗಿಲಲ್ಲಿ ನಿಂತು, “ನೋಡಿ, ನಮ್ಮ ತಮ್ಮ ಡೀಸೆಲ್ ಸುಟ್ಟು ಬಿಸಿಲು ಮಾಡ್ತಿದಾನೆ” ಅಂತ ದಾರಿಯಲ್ಲಿ ಹೋಗುವವರಿಗೆ ಹೇಳುತ್ತಿದ್ದರು. ಚಿಕ್ಕಪ್ಪ ನಗುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕೆಲಸ ಸೆಲ್ ಆರಿಸುವುದು. ನಮಗೆ ಸಿಕ್ಕಿದ್ದು ಮೊದಲ ದರ್ಜೆಯ ಸೆಲ್ ಅಲ್ಲ, ದೊಡ್ಡ ಕಾರ್ಖಾನೆ ಬೇಡವೆಂದು ಮಾರಿದ ಬೆರಕೆ ಮಾಲು. ನೋಡಲು ಎಲ್ಲ ಒಂದೇ, ಶಕ್ತಿಯಲ್ಲಿ ಬೇರೆ ಬೇರೆ. ಬೆಂಗಳೂರಿನ ಕಾರ್ಖಾನೆಯಲ್ಲಿ ಇದಕ್ಕೊಂದು ಯಂತ್ರವಿತ್ತಂತೆ. ಗುಂಡಿ ಒತ್ತಿದರೆ ಯಾವಾಗಲೂ ಒಂದೇ ಸಮದ ಬಿಸಿಲು ಬೀಳಿಸಿ ಕ್ಷಣದಲ್ಲಿ ಹೇಳಿಬಿಡುತ್ತದಂತೆ. ಆ ಯಂತ್ರ ತರಬೇಕಾದರೆ ಶೆಡ್ಡಿನ ಜೊತೆ ನಮ್ಮ ಮನೆಯನ್ನೂ ಮಾರಬೇಕಿತ್ತು. ನಮಗಿದ್ದದ್ದು ನಿಜವಾದ ಬಿಸಿಲು, ಒಂದು ಮುಳ್ಳಿನ ಮೀಟರು, ಮತ್ತು ಅಕ್ಕ.

ಫೆಬ್ರವರಿ ತಿಂಗಳಿಡೀ ಹನ್ನೊಂದರಿಂದ ಒಂದೂವರೆವರೆಗೆ ಕಾಫಿ ಒಣಗಿಸುವ ಕಣದಲ್ಲಿ ಈ ಕೆಲಸ. ತಾಮ್ರದ ತಗಡಿನ ಮೇಲೆ ಒಂದೊಂದೇ ಸೆಲ್ ಇಟ್ಟು ಮೇಲೆ ಮೀಟರಿನ ಕಡ್ಡಿ ತಾಗಿಸಿ ಮುಳ್ಳು ನೋಡುವುದು. ಚೆನ್ನಾಗಿದ್ದರೆ ಮೊದಲ ತಟ್ಟೆ, ಸುಮಾರಾದರೆ ಎರಡನೆಯದು, ಮಂಕಾದರೆ ಮೂರನೆಯದು. ಆದರೆ ಬಿಸಿಲು ಒಂದೇ ಸಮ ನಿಲ್ಲಬೇಕಲ್ಲ? ದೇವರಮನೆ ಗುಡ್ಡದ ಕಡೆಯಿಂದ ಒಂದು ತೆಳು ಮೋಡ ತೇಲಿ ಬಂದರೆ ಒಳ್ಳೆಯ ಸೆಲ್ಲೂ ಮಂಕಾಗಿ ಕಾಣುತ್ತಿತ್ತು. ಅಕ್ಕ ಅದಕ್ಕೊಂದು ಉಪಾಯ ತಾನೇ ಕಂಡುಕೊಂಡಳು. ಒಂದು ಸೆಲ್ಲಿಗೆ ಕುಂಕುಮದ ಬೊಟ್ಟಿಟ್ಟು ಪಕ್ಕಕ್ಕಿಟ್ಟಳು. ಪ್ರತಿ ಹತ್ತು ಸೆಲ್ಲಿಗೊಮ್ಮೆ ಆ ಬೊಟ್ಟಿನದನ್ನು ಇಟ್ಟು ನೋಡುವುದು. ಅದರ ಮುಳ್ಳು ಇಳಿದಿದ್ದರೆ ಬಿಸಿಲು ಇಳಿದಿದೆ ಎಂದರ್ಥ, ಹಿಂದಿನ ಹತ್ತನ್ನೂ ಮತ್ತೆ ನೋಡಬೇಕು. ನಾಲ್ಕು ದಿನ ಕಳೆದ ಮೇಲೆ ಬೊಟ್ಟಿನ ಸೆಲ್ಲೂ ಬೇಕಾಗಲಿಲ್ಲ. “ತಡೀರಿ, ಬಿಸಿಲು ಸಣ್ಣಾಯ್ತು” ಅನ್ನುತ್ತಿದ್ದಳು, ತಲೆ ಎತ್ತದೆ. ಅವಳು ಅಂದ ಮೇಲೆ ಮುಳ್ಳು ಇಳಿಯುತ್ತಿತ್ತು. ಕುತ್ತಿಗೆಯ ಹಿಂದೆ ಗೊತ್ತಾಗುತ್ತದೆ ಎಂದು ಹೇಳಿದಳು.

ಆಗ ನಾವೆಲ್ಲ ಸುಮ್ಮನೆ ಕೂರುತ್ತಿದ್ದೆವು. ಮೋಡ ದಾಟುವವರೆಗೆ ಮಾಡುವುದೇನೂ ಇಲ್ಲ. ಕಣದ ಅಂಚಿನಲ್ಲಿ ಹಾಲುವಾಣದ ಕೆಂಪು ಹೂ ಉದುರುತ್ತಿತ್ತು. ಎಲ್ಲೋ ದೂರ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದು. ಒಬ್ಬಳು ತೂಕಡಿಸುವಳು, ಒಬ್ಬಳು ಎಲೆಗೆ ಸುಣ್ಣ ಸವರುವಳು. ನಾನು ಬೆನ್ನ ಮೇಲೆ ಮಲಗಿ ಮೋಡದ ಅಂಚು ಬೆಳ್ಳಗಾಗುವುದನ್ನು ನೋಡುತ್ತ, ಇಡೀ ಮಲೆನಾಡಿಗೆ ನಾವು ಬಿಸಿಲು ಹಂಚುತ್ತೇವೆ ಎಂದುಕೊಳ್ಳುತ್ತಿದ್ದೆ. ಅಷ್ಟು ಸುಖವಾಗಿ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿಲ್ಲ. ಬಿಸಿಲು ಮರಳಿದಾಗ ಅಕ್ಕ, “ಹೂಂ, ಬಂತು” ಅನ್ನುತ್ತಿದ್ದಳು. ಎಲ್ಲರೂ ಎದ್ದು ಕೂರುತ್ತಿದ್ದೆವು.

ಮಾರ್ಚ್ ಮೊದಲ ವಾರ ಚಿಕ್ಕಪ್ಪ ಹನ್ನೆರಡು ಮನೆಗಳಿಗೆ ಪ್ಯಾನೆಲ್ ಕೂರಿಸುವ ಕಂಬ ನಿಲ್ಲಿಸಿ ತಂತಿ ಎಳೆಯಲು ಸಂಸೆಗೆ ಹೊರಟರು. ಆರಿಸುವುದು ಇನ್ನೂ ಎರಡು ದಿನದ್ದಿತ್ತು. “ಒಂದು ಪ್ಯಾನೆಲ್ಲಿಗೆ ಒಂದೇ ತಟ್ಟೇದು ಹಾಕು. ಮೂರನೇ ತಟ್ಟೇದು ಮುಟ್ಟಬೇಡ. ಬೆಂಗ್ಳೂರಿಂದ ಇನ್ನೊಂದು ಡಬ್ಬ ಬರ್ತದೆ, ಕಡ್ಮೆ ಬಿದ್ರೆ ಅದ್ರಲ್ಲಿ ತಗೋ” ಅಂದು ಜೀಪು ಹತ್ತಿದರು.

ಆರಿಸಿ ಮುಗಿಸಿದಾಗ ಮೂರನೆಯ ತಟ್ಟೆಯಲ್ಲಿ ಅರವತ್ತು ಸೆಲ್‌ಗಳಿದ್ದವು. ಉಳಿದವು ಹತ್ತು ಪ್ಯಾನೆಲ್ಲಿಗೆ ಸಾಲಿ, ಮೇಲೆ ಹನ್ನೆರಡು ಮಿಗುತ್ತಿದ್ದವು. ಮರುದಿನ ಬೆಂಗಳೂರಿನ ಡಬ್ಬ ಬಸ್ಸಿನಲ್ಲಿ ಬಂತು. ಬೇಲೂರಿನಿಂದ ಈಚೆಯ ಗುಂಡಿಗಳನ್ನೆಲ್ಲ ಎಣಿಸಿಕೊಂಡು ಬಂದಿತ್ತು. ಮುಚ್ಚಳ ತೆಗೆದರೆ ಒಳಗೆ ಬರೀ ನೀಲಿ ಚೂರು. ಒಂದೇ ಒಂದು ಸೆಲ್ ಇಡಿಯಾಗಿ ಉಳಿದಿರಲಿಲ್ಲ.

ಚಿಕ್ಕಪ್ಪನನ್ನು ಕೇಳೋಣವೆಂದರೆ ಆ ಹನ್ನೆರಡು ಮನೆಯ ಊರಿಗೆ ಫೋನಿಲ್ಲ. ಎಂಜಿನಿಯರು ಬರುವ ದಿನ ಹತ್ತಿರ ಬರುತ್ತಿತ್ತು. ಆಗ ನನಗೆ ಅಪ್ಪನ ವ್ಯಾಪಾರದ ಬುದ್ಧಿ ನೆನಪಾಯಿತು. ಆರಿಸುವುದು ಹೆಂಗಸರ ಕೆಲಸ, ಬೆರೆಸುವುದು ವ್ಯಾಪಾರಿಯ ಕೆಲಸ. ಹತ್ತು ಮೂಟೆ ಒಳ್ಳೆಯ ಕಾಫಿಯ ಜೊತೆ ಎರಡು ಮೂಟೆ ಸುಮಾರಿನದು ಬಂದರೆ ಅಪ್ಪ ಅದನ್ನು ಹಾಗೇ ಕಳಿಸುತ್ತಿರಲಿಲ್ಲ. ಸಿಮೆಂಟಿನ ನೆಲದ ಮೇಲೆ ಹನ್ನೆರಡೂ ಮೂಟೆ ಸುರಿಸಿ, ಸಲಿಕೆಯಲ್ಲಿ ತಿರುವಿ ತಿರುವಿ ಸಮ ಮಾಡಿಸಿ, ಮತ್ತೆ ಹನ್ನೆರಡು ಮೂಟೆ ತುಂಬಿಸುತ್ತಿದ್ದರು. ಅದು ಮೋಸವಲ್ಲ, ಎಲ್ಲ ಶೆಡ್ಡಿನಲ್ಲೂ ನಡೆಯುವುದೇ. ಕೊಂಡವನಿಗೆ ಯಾವ ಮೂಟೆ ಬಿಚ್ಚಿದರೂ ಒಂದೇ ರುಚಿ. ಒಬ್ಬನ ಪಾಲಿಗೆ ಒಳ್ಳೆಯದು, ಒಬ್ಬನ ಪಾಲಿಗೆ ಕೆಟ್ಟದ್ದು ಅಂತ ಇಲ್ಲ. ನಾನು ಆ ಬೆಟ್ಟದ ಮೇಲಿನ ಹನ್ನೆರಡು ಮನೆಗಳನ್ನು ನೆನೆದೆ. ಹತ್ತು ಮನೆಯಲ್ಲಿ ಬೆಳಕು, ಎರಡರಲ್ಲಿ ಕತ್ತಲೆ ಇದ್ದರೆ ನ್ಯಾಯವೇ? ಅರವತ್ತನ್ನು ಹನ್ನೆರಡರಿಂದ ಭಾಗಿಸಿದರೆ ಐದು. ಪ್ರತಿ ಪ್ಯಾನೆಲ್ಲಿಗೆ ಐದೈದು ಮಂಕು ಸೆಲ್ ಹಾಕಿದರೆ ಯಾರಿಗೂ ಗೊತ್ತೇ ಆಗದು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅಕ್ಕನಿಗೆ ಇದು ಹಿಡಿಸಲಿಲ್ಲ. “ಆರ್ಸಿಟ್ಟಿದ್ದನ್ನ ಮತ್ತೆ ಯಾಕೆ ಬೆರ್ಸದು ಅಮ್ಮಾ? ಅಣ್ಣ ಬರ್ಲಿ. ಮುಟ್ಬೇಡಿ ಅಂದಿದಾರೆ.”

“ಅವ್ರು ಬರೋದ್ರೊಳ್ಗೆ ಎಲ್ಲಾ ಮುಗ್ಸಿಡ್ಬೇಕು ಅಕ್ಕ. ಅಪ್ಪ ಮೂವತ್ತು ವರ್ಷದಿಂದ ಮಾಡಿದ್ದು ಇದೇ ಅಲ್ವಾ?”

“ಅದು ಕಾಫಿ ಅಲ್ವಾ ಅಮ್ಮಾ.”

“ನಾನು ಓದಿದೀನಿ ಅಕ್ಕ, ನಂಗೊತ್ತು” ಅಂದೆ. ಈಗ ಬರೆಯುವಾಗಲೂ ಆ ಮಾತನ್ನು ಹೊಡೆದುಹಾಕಬೇಕೆನ್ನಿಸುತ್ತದೆ. ಅವಳು ತಟ್ಟೆಗಳನ್ನು ನನ್ನ ಕಡೆ ತಳ್ಳಿದಳು. ಬೆರೆಸಿದ್ದು ನನ್ನ ಕೈ, ಬೆಸೆಯುವವರ ಮುಂದೆ ಎಣಿಸಿ ಇಟ್ಟದ್ದು ನನ್ನ ಕೈ. ನಾಲ್ಕು ದಿನದಲ್ಲಿ ಹನ್ನೆರಡು ಪ್ಯಾನೆಲ್ ಒತ್ತಿ ಗೋಡೆಗೆ ಸಾಲಾಗಿ ನಿಲ್ಲಿಸಿದೆವು. ಶೆಡ್ಡಿನ ಮಂದ ಬೆಳಕಿನಲ್ಲಿ ಅವು ಹನ್ನೆರಡು ನೀಲಿ ಕಿಟಕಿಗಳಂತೆ ಕಂಡವು. ಇಷ್ಟು ಚೆಂದದ್ದನ್ನು ನಾವು ಮಾಡಿದೆವಾ ಎಂದು ಹೆಂಗಸರು ಹೋಗಿ ಹೋಗಿ ಮುಟ್ಟಿ ನೋಡುತ್ತಿದ್ದರು.

ಚಿಕ್ಕಪ್ಪ ಬಂದ ದಿನವೇ ಹೂಮಳೆ ಶುರುವಾಯಿತು. ಕಾಫಿ ಹೂವಾಗಲು ಬೇಕಾದ ಆ ಮಳೆಗೆ ಊರೆಲ್ಲ ಕಾಯುತ್ತಿತ್ತು. ತೋಟದವರು ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಸೆಂಟು ಮಳೆ ಬಿತ್ತು ಎಂದು ಒಬ್ಬರನ್ನೊಬ್ಬರು ಕೇಳುತ್ತ ಖುಷಿಯಾಗಿ ತಿರುಗುತ್ತಿದ್ದರು. ಚಿಕ್ಕಪ್ಪ ಒಬ್ಬರೇ ಆಕಾಶಕ್ಕೆ ಬೈಯುತ್ತಿದ್ದರು. ಪ್ಯಾನೆಲ್‌ಗಳನ್ನು ಬಿಸಿಲಿಗಿಟ್ಟು ಅಳೆದು ನೋಡದೆ ಕಳಿಸುವುದು ಅವರಿಗೆ ಇಷ್ಟವಿರಲಿಲ್ಲ. ಆದರೆ ಮಳೆ ನಿಂತರೂ ಮೋಡ ಬಿಡಲಿಲ್ಲ, ಒಂದು ವಾರ ಪೂರ್ತಿ. ಮೂರನೆಯ ತಟ್ಟೆಯಲ್ಲಿ ನಾನು ಸುರಿದಿಟ್ಟ ಪಾರ್ಸೆಲ್ಲಿನ ಚೂರುಗಳನ್ನು ನೋಡಿ, “ಅಯ್ಯೋ, ಇಷ್ಟು ಹೋಯ್ತಾ! ಸಾಲ್ತಾ ಹಾಗಾದ್ರೆ?” ಎಂದು ಕೇಳಿದರು.

“ಹೇಗೋ ಹೊಂದಿಸ್ದೆ ಚಿಕ್ಕಪ್ಪ.”

ಮಂಕು ಸೆಲ್ಲೂ ಆ ಚೂರಿನಲ್ಲೇ ಸೇರಿವೆ, ಪಾರ್ಸೆಲ್ಲಿನಲ್ಲಿ ಇಡಿಯಾಗಿ ಉಳಿದವುಗಳಿಂದ ಹೊಂದಿಸಿದಳು ಎಂದುಕೊಂಡರೋ ಏನೋ, ನನ್ನ ತಲೆ ಸವರಿದರು. ನಾನು ಬಿಡಿಸಿ ಹೇಳಲಿಲ್ಲ. ಪಾಸಾದ ಮೇಲೆ ಹೇಳಿ ಶಹಬಾಸ್ ಅನ್ನಿಸಿಕೊಳ್ಳುವ ಆಸೆ ನನಗೆ.

ಪ್ಯಾನೆಲ್‌ಗಳನ್ನು ಹುಲ್ಲಿನ ಹಾಸಿಗೆಯ ಮೇಲಿಟ್ಟು ಜೀಪಿನಲ್ಲಿ ಕೊಟ್ಟಿಗೆಹಾರ, ಕಳಸ, ಸಂಸೆ ದಾಟಿ ಒಯ್ದೆವು. ಕಾಫಿ ಅರಳಿತ್ತು. ರಸ್ತೆಯ ಎರಡೂ ಕಡೆ ಬೆಳ್ಳಗೆ, ಹೂವಿನ ಕಂಪಿಗೆ ತಲೆ ತಿರುಗುವ ಹಾಗಿತ್ತು. ಅಕ್ಕನೂ ಬಂದಿದ್ದಳು. ತಾನು ಆರಿಸಿದ್ದು ಉರಿಯುವುದನ್ನು ನೋಡಬೇಕು ಅಂತ ಅವಳು ಮೂರು ದಿನದ ಕೂಲಿ ಬಿಟ್ಟು ಬಂದದ್ದು. ಜೀಪು ನಿಂತ ಕಡೆಯಿಂದ ಆ ಊರಿನವರೇ ಹನ್ನೆರಡನ್ನೂ ತಲೆ ಮೇಲೆ ಹೊತ್ತರು. ನೀಲಿ ಗಾಜುಗಳು ಹುಲ್ಲುಗುಡ್ಡದ ಮೇಲೆ ಸಾಲಾಗಿ ಏರುತ್ತಾ ಹೋದದ್ದು ನನಗೆ ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ಮೋಡ ಮುಚ್ಚಿದ್ದಾಗಲೇ ಪ್ಯಾನೆಲ್ ಕೂರಿಸಿ ನಾವು ಅಲ್ಲೇ ಉಳಿದೆವು. ಎರಡು ದಿನ ಬಿಟ್ಟು ಸಂಸ್ಥೆಯ ಎಂಜಿನಿಯರು ಬಂದಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಒಳ್ಳೆಯ ಮನುಷ್ಯ. ಮನೆ ಮನೆಗೆ ಹೋಗಿ ಮೀಟರು ಹಿಡಿದರು. ಮೊದಲ ಮನೆಯಲ್ಲಿ ಹುಬ್ಬು ಗಂಟಿಕ್ಕಿದರು. ಎರಡನೆಯದರಲ್ಲಿ ತಂತಿ ಬಿಚ್ಚಿ ಮತ್ತೆ ಹಾಕಿ ನೋಡಿದರು. ಐದನೆಯ ಮನೆಯ ಹೊತ್ತಿಗೆ ಚಿಕ್ಕಪ್ಪ ಮೀಟರು ಇಸಿದುಕೊಂಡು ತಾವೇ ಹಿಡಿದು ನೋಡಿದರು. ಹನ್ನೆರಡೂ ಮಂಕು. ಮೂರು ಗಂಟೆ ಉರಿಯಬೇಕಾದ ದೀಪ ಒಂದೂವರೆ ಗಂಟೆಯೂ ಉರಿಯುವಷ್ಟಿಲ್ಲ. “ವಿಚಿತ್ರ ಏನಪ್ಪಾ ಅಂದ್ರೆ, ಹನ್ನೆರಡೂ ಸಮ ಇದಾವೆ” ಅಂದರು ಎಂಜಿನಿಯರು.

 ಕಾಲೇಜಿನಲ್ಲಿ ಕಲಿತದ್ದು ಆಗ, ಆ ಬೆಟ್ಟದ ಮೇಲೆ, ತಲೆಗೆ ಹತ್ತಿತು. ಸೆಲ್‌ಗಳು ಮೂಟೆಯ ಕಾಫಿಯಲ್ಲ. ಅವು ಹಳ್ಳದ ಕಿರಿದಾದ ಕಾಲುಸಂಕದ ಮೇಲೆ ಒಬ್ಬರ ಹಿಂದೆ ಒಬ್ಬರು ದಾಟುವ ಜನ. ಮುಂದಿನವನು ಕುಂಟಿದರೆ ಹಿಂದಿನ ಪೈಲ್ವಾನನೂ ನಿಧಾನವೇ. ಐದು ಮಂಕು ಸೆಲ್‌ಗಳು ಉಳಿದ ಮೂವತ್ತೊಂದನ್ನೂ ತಮ್ಮ ಮಟ್ಟಕ್ಕೆ ಎಳೆದುಕೊಂಡಿದ್ದವು. ಬೇರೆ ಇಟ್ಟಿದ್ದರೆ ಹತ್ತು ಮನೆಯಲ್ಲಿ ಪೂರ್ತಿ ಬೆಳಕಿರುತ್ತಿತ್ತು. ನನ್ನ ನ್ಯಾಯದಿಂದ ಹನ್ನೆರಡು ಮನೆಗೂ ಸಮನಾಗಿ ಕತ್ತಲೆ ಬಂದಿತ್ತು.

ಊರಿನವರು, “ಇರ್ಲಿ ಬಿಡಿ, ಇಲ್ದಿದ್ದಕ್ಕಿಂತ ವಾಸಿ” ಅಂದರು. ಎಂಜಿನಿಯರು ಒಪ್ಪಲಿಲ್ಲ. ಆದರೆ ಹೊರಡುವಾಗ ಚಿಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟು, “ಎಲ್ಲಿ ತಪ್ಪಾಯ್ತು ಅಂತ ಹುಡುಕಿ. ಮಳೆಗಾಲ ಕಳೆದ ಮೇಲೆ ಇನ್ನೊಂದ್ಸಲ ಮಾಡಿ ತೋರ್ಸಿ. ಅಲ್ಲೀವರೆಗೆ ಬೇರೆಯವರಿಗೆ ಕೊಡಲ್ಲ” ಅಂದರು.

ಮರುದಿನ ಶೆಡ್ಡಿನಲ್ಲಿ ಚಿಕ್ಕಪ್ಪ ಎಲ್ಲರನ್ನೂ ಕೂರಿಸಿಕೊಂಡರು. ದನಿ ಏರಿಸಲಿಲ್ಲ. “ಒಂ‍ದೆರಡು ಕೈತಪ್ಪಿದ್ರೆ ಒಂದೆರಡು ಪ್ಯಾನೆಲ್ ಕೆಡ್ಬೇಕಿತ್ತು. ಹನ್ನೆರಡೂ ಕೆಟ್ಟಿದೆ ಅಂದ್ರೆ ಆರಿಸಿದ್ರಲ್ಲೇ ಹೆಚ್ಚುಕಮ್ಮಿ ಆಗಿದೆ. ಯಾರು ಆರ್ಸಿದ್ದು?”

“ನಾನೇ ಅಣ್ಣಾ” ಅಂದಳು ಅಕ್ಕ.

“ಎಲ್ಲಾನೂ?”

“ಎಲ್ಲಾನೂ ನಾನೇ.”

ಅಷ್ಟು ಹೇಳಿ ನನ್ನ ಕಡೆ ನೋಡಿದಳು. ಬೇಡುವ ನೋಟವಲ್ಲ, ದೂರುವ ನೋಟವೂ ಅಲ್ಲ. ದಾರಿ ಬಿಟ್ಟು ನಿಂತವರು ಹೋಗಿ ಅನ್ನುವಂತೆ ನೋಡುತ್ತಾರಲ್ಲ, ಹಾಗೆ. ಆ ದಾರಿಯಲ್ಲಿ ನಾನು ಒಂದು ಹೆಜ್ಜೆ ಇಡಬೇಕಿತ್ತು. ಶುಕ್ರವಾರ ಚಿಕ್ಕಮಗಳೂರಿನಿಂದ ಒಂದು ಗಂಡಿನ ಕಡೆಯವರು ಬರುವವರಿದ್ದರು ಎಂದು ನನಗೆ ನಾನೇ ನೆಪ ಹೇಳಿಕೊಂಡಿದ್ದೇನೆ, ಎಷ್ಟೋ ಸಲ. ಅದು ಸುಳ್ಳು. ಫಿಸಿಕ್ಸ್ ಓದಿದವಳು ಹೈಸ್ಕೂಲಿನ ಮಕ್ಕಳಿಗೆ ಗೊತ್ತಿರುವುದರಲ್ಲಿ ಎಡವಿದಳು ಎಂದು ಆ ಆರು ಹೆಂಗಸರ ಮುಂದೆ ಹೇಳಲು ನನ್ನ ಜಂಬ ಬಿಡಲಿಲ್ಲ. ಅಷ್ಟೇ ಸಂಗತಿ. ನಾನು ಬಾಯಿ ಬಿಡಲಿಲ್ಲ. ಚಿಕ್ಕಪ್ಪ ಎದ್ದು ನಿಂತು, “ಆಯ್ತು, ಹೋಗಿ” ಅಂದರು.

ಇನ್ನೊಮ್ಮೆ ಮಾಡುವ ಮಾತನ್ನು ಅವರು ಎತ್ತಲೇ ಇಲ್ಲ. ಆ ಮಳೆಗಾಲ ಕಳೆದ ಮೇಲೆ ಒತ್ತುವ ಯಂತ್ರವನ್ನು ಗುಜರಿಗೆ ಹಾಕಿದರು. ಸಂಸೆಯ ಮೇಲಿನ ಹನ್ನೆರಡು ಮನೆಗಳಿಗೆ ಹೊರಗಿನಿಂದ ಸಿದ್ಧ ಪ್ಯಾನೆಲ್ ಬಂದವು, ಚೆನ್ನಾಗೇ ಉರಿದವಂತೆ. ಶೆಡ್ಡನ್ನು ಅಪ್ಪ ಗೊಬ್ಬರದ ಅಂಗಡಿಯವರಿಗೆ ಬಾಡಿಗೆಗೆ ಕೊಟ್ಟರು. ಅಕ್ಕ ಬಣಕಲ್ ಕಡೆಯ ಒಂದು ಎಸ್ಟೇಟಿಗೆ ಹಣ್ಣು ಕುಯ್ಯುವ ಕೆಲಸಕ್ಕೆ ಹೋದಳು. ನಾನು ಮದುವೆಯಾಗಿ ಚಿಕ್ಕಮಗಳೂರಿಗೆ ಬಂದೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ.

ಏಳೆಂಟು ವರ್ಷ ಕಳೆದಿರಬೇಕು. ಅಷ್ಟರಲ್ಲಿ ಚಿಕ್ಕಪ್ಪ ಮೋಟಾರಿನ ಅಂಗಡಿಯಲ್ಲೇ ಸೋಲಾರ್ ಮಾರತೊಡಗಿದ್ದರು. ಹಡಗಿನಲ್ಲಿ ಬಂದ ಡಬ್ಬಗಳು, ಮೇಲೆ ಓದಲು ಬಾರದ ಅಕ್ಷರಗಳು. ಬಾಳೆಹೊನ್ನೂರು, ಕೊಪ್ಪದವರೆಗೂ ಹೋಗಿ ಹಾಕಿಕೊಟ್ಟು ಬರುತ್ತಿದ್ದರು. ಅಗ್ಗವೂ ಹೌದು, ಗಟ್ಟಿಯೂ ಹೌದು. ಒಂದು ಜನವರಿ ಮಧ್ಯಾಹ್ನ ತವರಿಗೆ ಹೋದವಳು ಅಂಗಡಿಯಲ್ಲಿ ಅವರ ಎದುರಿಗೆ ಕೂತಿದ್ದೆ. ಒಬ್ಬ ಗಿರಾಕಿ, ಇಂಥದ್ದನ್ನ ನಮ್ಮಲ್ಲೇ ಯಾಕೆ ಮಾಡಲ್ಲ ಎಂದು ಕೇಳಿದ. “ಮಾಡಿದ್ವಿ ಮಾರಾಯ, ನಮ್ಮ ಕೈಲಿ ಆಗ್ಲಿಲ್ಲ” ಅಂದರು ಚಿಕ್ಕಪ್ಪ, ಡಬ್ಬಕ್ಕೆ ಹಗ್ಗ ಬಿಗಿಯುತ್ತ.

ಗಿರಾಕಿ ಹೋದ ಮೇಲೆ ನಾನು ಹೇಳಿದೆ. ಅರವತ್ತು ಸೆಲ್, ಐದೈದು, ಅಕ್ಕ ಬೇಡವೆಂದದ್ದು, ನಾನು ಓದಿದೀನಿ ಅಂದದ್ದು, ಎಲ್ಲ.  ಚಿಕ್ಕಪ್ಪ ಬೈಯಲಿ ಎಂದು ಕಾದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಹಾಗಾದ್ರೆ ಅವ್ಳು ಆರ್ಸಿದ್ದು ಸರಿಯಾಗಿತ್ತಾ?”

“ಒಂದೂ ತಪ್ಪಿರ್ಲಿಲ್ಲ ಚಿಕ್ಕಪ್ಪ.”

ಅವರು ಉಳಿದ ಹಗ್ಗವನ್ನು ಸುತ್ತಿ ಮೊಳೆಗೆ ನೇತುಹಾಕಿದರು. ಆಮೇಲೆ, “ಯಂತ್ರ ಇಲ್ದೆ, ಬರೀ ನಮ್ಮ ಬಿಸಿಲಲ್ಲಿ, ಅವ್ಳ ಕಣ್ಣಲ್ಲಿ ಆಗ್ತದೆ ಅಂತ ನಂಬಿದ್ದೆ ಕಣೇ. ಅವ್ಳೇ ಸೋತ್ಳು ಅಂದ್ಮೇಲೆ ಇದು ನಮ್ಮೂರಲ್ಲಿ ಆಗೋ ಕೆಲ್ಸ ಅಲ್ಲ ಅಂತ ಕೈಬಿಟ್ಟೆ. ಅವ್ರು ಇನ್ನೊಂದ್ಸಲ ಮಾಡಿ ಅಂದಿದ್ರಲ್ಲ...” ಅಂದರು. ಮಾತು ಮುಗಿಸದೆ ಎದ್ದು ಚಪ್ಪಲಿ ಮೆಟ್ಟಿದರು. ತಪ್ಪು ಮಾಡಿದ್ದಕ್ಕೆ ಶೆಡ್ಡು ಮುಚ್ಚಲಿಲ್ಲ, ನಾನು ಬಾಯಿ ಮುಚ್ಚಿದ್ದಕ್ಕೆ ಮುಚ್ಚಿತು ಎಂಬುದು ನನಗೆ ಗೊತ್ತಾದದ್ದು ಅಂಗಡಿಯ ಆ ಸ್ಟೂಲಿನ ಮೇಲೆ.

“ಬಾ” ಅಂದರು. ಅವರ ಸ್ಕೂಟರಿನಲ್ಲಿ ಬಣಕಲ್ ಕಡೆಗೆ ಹೋದೆವು. ಅಕ್ಕ ಎಸ್ಟೇಟಿನ ಕಣದಲ್ಲಿ ಸಿಪ್ಪೆ ಸುಲಿದು ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು ಹಲಗೆಯಿಂದ ಎಳೆಯುತ್ತಿದ್ದಳು. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ನಮ್ಮನ್ನು ನೋಡಿ ಹಲಗೆ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಚಿಕ್ಕಪ್ಪನಿಗೆ ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. “ಆವತ್ತು ನೀನು ಆರ್ಸಿದ್ರಲ್ಲಿ ಒಂದೂ ತಪ್ಪಿರ್ಲಿಲ್ವಂತೆ” ಅಂದರು, ಪಾಸಾದ ಮಗುವಿಗೆ ಹೇಳುವ ಹಾಗೆ.

“ಅದು ನಂಗೆ ಆವತ್ತೇ ಗೊತ್ತಿತ್ತಲ್ಲ ಅಣ್ಣಾ” ಅಂದಳು.

ಆಮೇಲೆ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ನಾನು ಆ ಮಳೆಗಾಲ ಇಡೀ ಬೇರೆ ಕೆಲ್ಸಕ್ಕೆ ಹೋಗ್ಲಿಲ್ಲ ಅಮ್ಮಾ. ನೀವು ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ, ಅಣ್ಣ ಕರೀತಾರೆ ಅಂತ ಮನೇಲೇ ಕೂತಿದ್ದೆ.”

ಮೇಸ್ತ್ರಿ ಕಣದ ಆ ತುದಿಯಿಂದ ಕೂಗಿದ. ಅವಳು ಹಲಗೆ ಎತ್ತಿಕೊಂಡು ಹೋದಳು.